ಜಮೀನಿನ ಲೆಕ್ಕವೂ ರೈತನ ಕ್ಷೇಮವೂ: ಜಾವಗಲ್ ಹೋಬಳಿಯ ದೃಷ್ಟಾಂತ

ಬಾಣಾವರಕ್ಕೂ ಹಳೇಬೀಡಿಗೂ ನಡುವೆ ಇರುವ ಜಾವಗಲ್ಲು ಅರಸೀಕೆರೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದರ ಮುಖ್ಯಸ್ಥಳ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಸ್ಥಾನದಿಂದ ಈ ಊರಿನ ಹೆಸರು ಹೊರಗಿನವರಿಗೆ ತಿಳಿದಿರುವುದಾದರೂ, ಸುತ್ತಲಿನ ಗ್ರಾಮಗಳ ರೈತಾಪಿ ಜನರು ಇಲ್ಲಿಗೆ ಮೇಲಿಂದ ಮೇಲೆ ಬರುವುದು ನಾಡಕಚೇರಿಯ ಕೆಲಸಕ್ಕಾಗಿ. ಸೊಸೈಟಿಯಲ್ಲಿ ಸಾಲ ಪಡೆಯಬೇಕಾದರೂ, ಮಳೆ ಹೋಗಿ ರಾಗಿ ಒಣಗಿದ ವರ್ಷ ಪರಿಹಾರ ಪಡೆಯಬೇಕಾದರೂ, ಕೊಬ್ಬರಿಯನ್ನು ಬೆಂಬಲ ಬೆಲೆಗೆ ಕೊಡಬೇಕಾದರೂ, ಅಣ್ಣತಮ್ಮಂದಿರು ಪಾಲಾಗಬೇಕಾದರೂ ಮೊದಲು ಕೇಳುವುದು ಪಹಣಿಯನ್ನು. ಪಹಣಿಯಲ್ಲಿ ಹೆಸರು ಸರಿಯಾಗಿದ್ದರೆ ಕೆಲಸ ಒಂದು ದಿನದ್ದು. ತಪ್ಪಿದ್ದರೆ ಅದು ವರ್ಷಗಳ ಅಲೆದಾಟ.

ಈ ಲೆಕ್ಕಗಳನ್ನು ಇಡುವ ಕ್ರಮವು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಬಹಳ ಸುಧಾರಿಸಿದೆ. ಆದರೂ ಪಹಣಿಯ ತೊಡಕುಗಳು ತೀರಿಲ್ಲ. ಇದಕ್ಕೆ ಕಾರಣವೇನು, ಇದರಲ್ಲಿ ಕಚೇರಿಯ ಪಾಲೆಷ್ಟು, ಗ್ರಾಮದವರ ಪಾಲೆಷ್ಟು ಎಂಬುದನ್ನು ಗ್ರಾಮಮುಖ್ಯರೂ ಭೂಮಾಲೀಕರೂ ತಿಳಿದಿರುವುದು ಅತ್ಯವಶ್ಯಕ.

ಪೂರ್ವದ ಪದ್ಧತಿ

ಭೂಮಿಯ ಎಲ್ಲೆಯನ್ನು ಬರೆದಿಡುವ ವಾಡಿಕೆ ಈ ಸೀಮೆಗೆ ಹೊಸದಲ್ಲ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನು ಹಳ್ಳ, ಮೊರಡಿ, ಮರ, ನಟ್ಟ ಕಲ್ಲು ಇವುಗಳ ಗುರುತಿನಿಂದ ಹೇಳಿರುವುದುಂಟು. ಗದ್ದೆ ಬೆದ್ದಲುಗಳ ಪ್ರಮಾಣವನ್ನು ಹಲವು ಕಡೆ ಅದಕ್ಕೆ ಹಿಡಿಯುವ ಬೀಜದ ಅಳತೆಯಿಂದಲೇ ಹೇಳುತ್ತಿದ್ದರು. ಇತ್ತಲಾಗಿಯೂ ಖಂಡುಗದ ಬೀಜವರಿ, ಹತ್ತು ಕೊಳಗದ ಗದ್ದೆ ಎಂಬ ಮಾತುಗಳು ಹಿರಿಯರ ಬಾಯಲ್ಲಿ ಇದ್ದವು. ಈ ಅಳತೆಯಲ್ಲಿ ಒಂದು ಕೊರತೆಯಿತ್ತು. ಗದ್ದೆಯ ಖಂಡುಗವೂ ಬೆದ್ದಲಿನ ಖಂಡುಗವೂ ಒಂದೇ ವಿಸ್ತೀರ್ಣವಲ್ಲ. ಬೀಜವನ್ನು ಒತ್ತಾಗಿ ಚೆಲ್ಲುವವನ ಹೊಲಕ್ಕೂ ವಿರಳವಾಗಿ ಚೆಲ್ಲುವವನ ಹೊಲಕ್ಕೂ ಅಳತೆ ಬೇರೆಯಾಗುವುದು. ಆದಕಾರಣ ಒಂದು ಹೊಲಕ್ಕೆ ಎಷ್ಟು ಕಂದಾಯವೆಂಬುದು ಭೂಮಿಯನ್ನು ನೋಡಿ ತಿಳಿಯುವಂತಿರದೆ ಶಾನುಭೋಗರ ಕಡತವನ್ನು ನೋಡಿಯೇ ತಿಳಿಯಬೇಕಾಗಿತ್ತು.

ಮೋಜಣಿಯೂ ವರ್ಗೀಕರಣವೂ

ಮೈಸೂರು ಸೀಮೆಯಲ್ಲಿ ಕ್ರಮವಾದ ಕಂದಾಯ ಮೋಜಣಿಯು ಬೌರಿಂಗ್ ಸಾಹೇಬರು ಕಮಿಷನರಾಗಿದ್ದಾಗ 1863ನೇ ಇಸವಿಯಲ್ಲಿ ಚಿತ್ರದುರ್ಗದ ಕಡೆಯಿಂದ ಆರಂಭವಾಯಿತು. ಇದಕ್ಕೆ ಮುಂಬೈ ಪ್ರಾಂತ್ಯದ ಪದ್ಧತಿಯನ್ನೇ ಆಧಾರವಾಗಿ ಇಟ್ಟುಕೊಂಡರು. ಆ ಪದ್ಧತಿಯನ್ನು ಬಲ್ಲವರಿಗೆ ಇಂದಿನ ಪಹಣಿಯನ್ನು ಓದುವುದು ಸುಲಭವಾದ್ದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಯುಕ್ತ.

ಮೊದಲನೆಯದು ಅಳತೆ. ಅಳೆಯುವ ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಿರುವ ಭೂಮಿಯೇ ಒಂದು ಗುಂಟೆ, ಎಂದರೆ 1,089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ಗುಂಟೆಯನ್ನು ಪುನಃ 16 ಆಣೆಗಳಾಗಿ ಭಾಗಿಸುವರು. ಆರು ಸರಪಳಿ ಉದ್ದ, ಐದು ಸರಪಳಿ ಅಗಲದ ಹೊಲವು 30 ಗುಂಟೆಯೆಂದು ಎಳೆಯ ಹುಡುಗನೂ ಲೆಕ್ಕ ಹೇಳಬಲ್ಲನು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಮೂಲೆ ಮೂಲೆಗೆ ಬಾಂದುಕಲ್ಲು, ಅಳತೆಯ ಚಿತ್ರಕ್ಕೆ ಟಿಪ್ಪಣಿ, ವಿಸ್ತೀರ್ಣ ಮತ್ತು ಶಿಸ್ತಿನ ಪಟ್ಟಿಗೆ ಆಕಾರಬಂದು, ಇಡೀ ಊರಿಗೆ ಗ್ರಾಮನಕ್ಷೆ. ಹೀಗೆ ಒಂದಕ್ಕೊಂದು ತಾಳೆ ನೋಡುವುದಕ್ಕೆ ಅನುಕೂಲವಾಗುವಂತೆ ದಾಖಲೆಗಳು ಏರ್ಪಟ್ಟವು.

ಎರಡನೆಯದು ವರ್ಗೀಕರಣ. ಹೊಲದಲ್ಲಿ ಅಲ್ಲಲ್ಲಿ ಮಣ್ಣನ್ನು ಅಗೆದು ಅದರ ಆಳವನ್ನು ಮೊಳದ ಲೆಕ್ಕದಲ್ಲಿ ನೋಡುತ್ತಿದ್ದರು. ನುಣುಪಾದ ಕಪ್ಪು ಮಣ್ಣು ಮೊದಲನೆಯ ತರಗತಿ, ತುಸು ಒರಟಾದ ಕೆಂಪು ಮಣ್ಣು ಎರಡನೆಯದು, ಗರಸು ಅಥವಾ ಸಡಿಲವಾದ ಬೂದುಬಣ್ಣದ ಮಣ್ಣು ಮೂರನೆಯದು. ಅನಂತರ ದೋಷಗಳನ್ನು ಎಣಿಸುವರು. ಸುಣ್ಣದ ಹರಳು ಬೆರೆತಿರುವುದು, ಮರಳು ಹೆಚ್ಚಾಗಿರುವುದು, ಹೊಲ ಇಳಿಜಾರಾಗಿರುವುದು, ಮಳೆಯ ನೀರಿಗೆ ಮಣ್ಣು ಕೊಚ್ಚಿ ಹೋಗುವುದು, ಒಸರು ನೀರು ನಿಲ್ಲುವುದು ಮುಂತಾದವುಗಳಲ್ಲಿ ಒಂದೊಂದು ದೋಷಕ್ಕೂ ಹೊಲದ ದರ್ಜೆಯನ್ನು ಇಳಿಸುತ್ತಿದ್ದರು. ಹದಿನಾರಾಣೆಯ ಭೂಮಿಯೆಂಬ ಮಾತು ಹೀಗೆ ಹುಟ್ಟಿದ್ದು. ತರಿ ಜಮೀನಿಗೆ ಮಣ್ಣಿನೊಡನೆ ನೀರಿನ ಆಸರೆಯನ್ನೂ, ಗ್ರಾಮಕ್ಕೆ ಪೇಟೆಯ ದೂರವನ್ನೂ ಮಳೆಯ ಅನುಕೂಲವನ್ನೂ ಲೆಕ್ಕಕ್ಕೆ ಹಿಡಿದು ದರವನ್ನು ನಿಷ್ಕರ್ಷೆಮಾಡಿ ಅದನ್ನು 30 ವರ್ಷಕ್ಕೆ ಕಾಯಂ ಮಾಡುತ್ತಿದ್ದರು. ರೈತನು ಬದು ಹಾಕಿ ಗೊಬ್ಬರ ಕೊಟ್ಟು ಹುಟ್ಟುವಳಿಯನ್ನು ಹೆಚ್ಚಿಸಿಕೊಂಡರೆ ಆ ಅವಧಿಯೊಳಗೆ ಕಂದಾಯ ಏರುವಂತಿರಲಿಲ್ಲ. ವ್ಯವಸಾಯಕ್ಕೆ ಇದರಿಂದ ದೊರೆತ ಉತ್ತೇಜನ ಅಲ್ಪವಲ್ಲ.

ಈ ಪದ್ಧತಿಯಲ್ಲಿ ಗಮನಿಸತಕ್ಕ ಮುಖ್ಯ ಸಂಗತಿ ಯಾವುದೆಂದರೆ, ಲೆಕ್ಕವು ಕಚೇರಿಯಲ್ಲಿ ಹುಟ್ಟಲಿಲ್ಲ. ಸರಪಳಿ ಹಿಡಿದವನು ಹೊಲದಲ್ಲಿ ನಡೆದನು, ಮಣ್ಣನ್ನು ಅಗೆದವನು ಕೈಯಲ್ಲಿ ಮಣ್ಣನ್ನು ಹಿಡಿದು ನೋಡಿದನು. ಅದರ ಮೇಲೆ ಕಾಗದಕ್ಕೆ ಏರಿತು.

ಶಾನುಭೋಗರ ಕಡತದಿಂದ ಗಣಕಯಂತ್ರಕ್ಕೆ

1888ನೇ ಇಸವಿಯ ಮೈಸೂರು ಭೂಕಂದಾಯ ನಿಬಂಧನೆಯ ಕಾಲದಲ್ಲಿಯೂ ಆಮೇಲೂ ಗ್ರಾಮದ ಲೆಕ್ಕವು ವಂಶಪಾರಂಪರ್ಯದ ಶಾನುಭೋಗರ ಕೈಯಲ್ಲಿಯೂ, ಬಾಂದುಕಲ್ಲುಗಳ ರಕ್ಷಣೆಯೂ ಕಂದಾಯದ ವಸೂಲಿಯೂ ಪಟೇಲರ ಕೈಯಲ್ಲಿಯೂ ಇದ್ದವು. ಗ್ರಾಮಾಧಿಕಾರಗಳ ರದ್ದಿಯಾತಿಯ 1961ನೇ ಇಸವಿಯ ಶಾಸನವು 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯದ ಅಧಿಕಾರವು ನಿಂತಿತು. ಅವರ ಸ್ಥಳಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಇವರನ್ನೇ ಈಚೆಗೆ ಗ್ರಾಮ ಆಡಳಿತ ಅಧಿಕಾರಿಗಳೆಂದು ಕರೆಯುವರು. 1964ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭೂಕಂದಾಯ ಶಾಸನವು ಹಕ್ಕುದಾಖಲೆ, ಖಾತೆ ಬದಲಾವಣೆ, ಪೋಡಿ, ಬಾಂದು ಇವುಗಳಿಗೆ ಇಂದಿಗೂ ಆಧಾರವಾಗಿದೆ.

ಕೈಬರಹದ ಪಹಣಿಯ ಕಾಲದಲ್ಲಿ ಇಡೀ ರಾಜ್ಯದ ಲೆಕ್ಕವು ಸುಮಾರು 9,000 ಗ್ರಾಮಲೆಕ್ಕಿಗರ ಸುಪರ್ದಿನಲ್ಲಿ ಹಂಚಿಹೋಗಿತ್ತು. ಪುಸ್ತಕ ಒಬ್ಬರ ಬಳಿಯಲ್ಲಿಯೇ ಇರುವುದರಿಂದ ಅವರು ಸಿಕ್ಕಿದ ದಿನ ನಕಲು. ಸಿಕ್ಕದ ದಿನ ಇಲ್ಲ. ಬರೆದದ್ದನ್ನು ಯಾರು, ಯಾವಾಗ, ಯಾರ ಅಪ್ಪಣೆಯಂತೆ ತಿದ್ದಿದರೆಂಬುದಕ್ಕೆ ಗುರುತು ನಿಲ್ಲುತ್ತಿರಲಿಲ್ಲ. ಹಾಳೆ ಹರಿದರೆ, ಮಸಿ ಅಳಿಸಿದರೆ ನಷ್ಟ ರೈತನದು.

ಸರ್ಕಾರದವರು ಭೂಮಿ ಎಂಬ ಹೆಸರಿನ ಯೋಜನೆಯಿಂದ 2002ನೇ ಇಸವಿಯ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಅಂದಿನ ನಕಲಿನ ಶುಲ್ಕ 15 ರೂಪಾಯಿ. ಗಣಕೀಕೃತ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯನ್ನು ತೆಗೆದುಹಾಕಿದರು.

ಸುಧಾರಣೆಯ ಮರ್ಮ

ಯಂತ್ರವನ್ನು ಕೊಂಡುತಂದ ಮಾತ್ರಕ್ಕೆ ಕಚೇರಿ ಸುಧಾರಿಸುವುದಿಲ್ಲ. ಈ ಯೋಜನೆಯಿಂದ ಪ್ರಯೋಜನವುಂಟಾದದ್ದು ಅದರೊಡನೆ ಕಟ್ಟುಪಾಡುಗಳನ್ನೂ ಏರ್ಪಡಿಸಿದ್ದರಿಂದ. ಅವು ಯಾವುವೆಂದರೆ:

ಮೊದಲನೆಯದಾಗಿ, ಎರಡು ಲೆಕ್ಕಗಳನ್ನು ಉಳಿಸಲಿಲ್ಲ. ಹಳೆಯ ಪುಸ್ತಕವೂ ಹೊಸ ಯಂತ್ರವೂ ಜೊತೆಯಾಗಿ ನಡೆದಿದ್ದರೆ ತನಗೆ ಅನುಕೂಲವಾದ ಲೆಕ್ಕವನ್ನೇ ಪ್ರತಿಯೊಬ್ಬನೂ ಮುಂದಿಡುತ್ತಿದ್ದನು.

ಎರಡನೆಯದಾಗಿ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥಮಾಡತಕ್ಕದ್ದೆಂದು ಯಂತ್ರದಲ್ಲಿಯೇ ಕಟ್ಟಿದರು. ಹಿಂದಿನವನನ್ನು ಬಿಟ್ಟು ಮುಂದಿನವನ ಕೆಲಸವನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಆಸ್ಪದವಿರಲಿಲ್ಲ.

ಮೂರನೆಯದಾಗಿ, ಲೆಕ್ಕವನ್ನು ಮುಟ್ಟುವ ನೌಕರನು ತನ್ನ ಬೆರಳಚ್ಚನ್ನು ಕೊಟ್ಟು ಒಳಗೆ ಹೋಗಬೇಕೆಂದು ಮಾಡಿದರು. ತಿದ್ದಿದವನು ಮುಂದೆ ನಾನಲ್ಲವೆನ್ನಲಾರನು.

ನಾಲ್ಕನೆಯದಾಗಿ, ಕಿಟಕಿಯಲ್ಲಿ ರೈತನ ಕಡೆಗೂ ಒಂದು ತೆರೆಯನ್ನು ತಿರುಗಿಸಿಟ್ಟರು. ತನ್ನ ಹೆಸರು ಹೇಗೆ ಬರೆಯಲ್ಪಟ್ಟಿದೆಯೆಂಬುದನ್ನು ಅವನು ನಿಂತಲ್ಲಿಯೇ ನೋಡಿಕೊಳ್ಳಬಹುದಾಗಿತ್ತು.

ಈ ನಾಲ್ಕು ಕಟ್ಟುಪಾಡುಗಳು ದೊಡ್ಡ ಕಚೇರಿಗೆ ಎಷ್ಟು ಅಗತ್ಯವೋ, ಗ್ರಾಮಪಂಚಾಯಿತಿಯ ಮನೆಕಂದಾಯದ ಲೆಕ್ಕಕ್ಕೂ ಹಾಲಿನ ಸಂಘದ ಲೆಕ್ಕಕ್ಕೂ ಅಷ್ಟೇ ಅಗತ್ಯ. ಒಂದೇ ಲೆಕ್ಕ, ಸರದಿಯ ಕೆಲಸ, ಬರೆದವನ ಗುರುತು, ಎಲ್ಲರ ಕಣ್ಣಿಗೂ ಕಾಣುವಿಕೆ: ಇಷ್ಟಿದ್ದರೆ ಯಂತ್ರವಿಲ್ಲದ ಕಚೇರಿಯೂ ಚೆನ್ನಾಗಿ ನಡೆಯುವುದು, ಇಷ್ಟಿಲ್ಲದಿದ್ದರೆ ಯಂತ್ರವಿದ್ದೂ ಫಲವಿಲ್ಲ.

ಯಂತ್ರವು ಮಾಡಲಾರದ ಕೆಲಸ

ಆದರೆ ಯಂತ್ರವು ತನ್ನೊಳಗೆ ಹಾಕಿದ್ದನ್ನೇ ಹೊರಗೆ ಕೊಡುವುದು. ಕೈಬರಹದ ಪುಸ್ತಕದಲ್ಲಿದ್ದ ತಪ್ಪು ಹೆಸರು ಯಂತ್ರಕ್ಕೂ ಹಾಗೆಯೇ ಹೋಯಿತು. ಆಕಾರಬಂದಿನ ವಿಸ್ತೀರ್ಣವೊಂದು, ಪಹಣಿಯ ವಿಸ್ತೀರ್ಣವೊಂದು ಇದ್ದ ಕಡೆ ಆ ವ್ಯತ್ಯಾಸವೂ ಉಳಿದುಕೊಂಡಿತು. ಇವೆಲ್ಲಕ್ಕಿಂತ ಹೆಚ್ಚಾಗಿ, ಗ್ರಾಮದಲ್ಲಿ ನಡೆದ ಸಾವು, ಪಾಲು, ಬೆಳೆಯ ಬದಲಾವಣೆ ಇವುಗಳನ್ನು ಯಾರಾದರೂ ಹೇಳಿದ ಹೊರತು ಯಂತ್ರವು ತಾನಾಗಿ ಅರಿಯದು. ಈಗ ಉಳಿದಿರುವ ತೊಂದರೆಗಳಲ್ಲಿ ಬಹುಪಾಲು ಈ ಬಗೆಯವು. ಅವನ್ನು ಒಂದೊಂದಾಗಿ ಪರಿಶೀಲಿಸಬಹುದು.

ಪೌತಿ ಖಾತೆ

ತಾತನು ತೀರಿಕೊಂಡು ಮೂವತ್ತು ವರ್ಷವಾಗಿರುವುದು, ಮಗನೂ ತೀರಿಕೊಂಡಿರುವನು, ಮೊಮ್ಮಕ್ಕಳು ಉಳುತ್ತಿರುವರು, ಪಹಣಿಯ 9ನೇ ಕಲಮಿನಲ್ಲಿ ಮಾತ್ರ ತಾತನೇ ಖಾತೆದಾರನು. ಇಂಥ ಜಮೀನು ಇಲ್ಲದ ಗ್ರಾಮವೇ ಅಪರೂಪ. ಉಳುವುದಕ್ಕೆ ಅಡ್ಡಿಯಿಲ್ಲವಾದ್ದರಿಂದ ಮನೆಯವರು ಸುಮ್ಮನಿರುವರು. ಬೋರು ಕೊರೆಸುವುದಕ್ಕೆ ಸಾಲ ಬೇಕಾದ ದಿನ, ಅಥವಾ ರಸ್ತೆಗೆ ಜಮೀನು ಹೋಗಿ ಪರಿಹಾರ ಬಂದ ದಿನ ಅವರಿಗೆ ಎಚ್ಚರವಾಗುವುದು. ಅಷ್ಟರಲ್ಲಿ ವಾರಸುದಾರರು ನಾಲ್ವರಿಂದ ಇಪ್ಪತ್ತು ಮಂದಿಯಾಗಿರುವರು. ಕೆಲವರು ಬೆಂಗಳೂರಿನಲ್ಲಿ, ಕೆಲವರು ಮುಂಬೈಯಲ್ಲಿ. ಒಬ್ಬನ ತಕರಾರಿದ್ದರೂ ಎಲ್ಲರ ಕೆಲಸವೂ ನಿಂತಿತು.

ಹಕ್ಕು ಬದಲಾದುದನ್ನು ಮೂರು ತಿಂಗಳೊಳಗೆ ತಿಳಿಸಬೇಕೆಂದು 1964ರ ಶಾಸನದ 128ನೇ ಪ್ರಕರಣವು ಹೇಳುವುದು. ಇದಕ್ಕೆ ಬೇಕಾದುದು ಮರಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಗುರುತಿನ ಚೀಟಿಗಳು. ವಂಶವೃಕ್ಷದ ದೃಢೀಕರಣವನ್ನು ನಾಡಕಚೇರಿಯಲ್ಲಿಯೇ ಪಡೆಯಬಹುದು. ಅರ್ಜಿ ದಾಖಲಾದ ಮೇಲೆ ನೋಟೀಸು ಹೊರಡುವುದು. ಗೊತ್ತಾದ ಅವಧಿಯೊಳಗೆ ತಕರಾರು ಬಾರದಿದ್ದರೆ ಖಾತೆ ಬದಲಾಗುವುದು. ತಕರಾರು ಬಂದರೆ ವಿಚಾರಣೆ ನಡೆಸಿ ಆಜ್ಞೆ ಮಾಡುವರು. ಅದರಿಂದ ಬಾಧಿತನಾದವನು ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹೋಗಬಹುದು. 2025ನೇ ಇಸವಿಯಲ್ಲಿ ಕಂದಾಯ ಇಲಾಖೆಯವರು ಇ-ಪೌತಿ ಎಂಬ ಆಂದೋಲನವನ್ನು ಹೂಡಿ, ರೈತನು ಕಚೇರಿಗೆ ಬರುವುದನ್ನು ಕಾಯದೆ ಗ್ರಾಮ ಆಡಳಿತ ಅಧಿಕಾರಿಗಳೇ ಊರಿಗೆ ಹೋಗಿ ಈ ಖಾತೆಗಳನ್ನು ಮಾಡಿಕೊಡುವ ಏರ್ಪಾಟನ್ನು ಮಾಡಿದರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ವಂಶವೃಕ್ಷವನ್ನು ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡುವ ವಾಡಿಕೆ ಹಲವು ಕಡೆ ಇದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕದಲ್ಲಿ 1994ರಲ್ಲಿಯೂ, ಇಡೀ ದೇಶಕ್ಕೆ 2005ರಲ್ಲಿಯೂ ಶಾಸನವಾಯಿತು. 2020ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ಹುಟ್ಟಿನಿಂದಲೇ ಬರತಕ್ಕದ್ದೆಂದು ತೀರ್ಮಾನಿಸಿತು. ಮಿಕ್ಕ ಮತದವರಿಗೆ ಅವರವರ ವಾರಸಾ ಕಾನೂನು ಅನ್ವಯಿಸುವುದು. ಅಕ್ಕತಂಗಿಯರ ಹೆಸರನ್ನು ಮರೆಸಿ ಮಾಡಿಕೊಂಡ ಖಾತೆ ಇಂದು ಸುಲಭವೆಂದು ಕಂಡರೂ ನಾಳೆ ನ್ಯಾಯಾಲಯದಲ್ಲಿ ನಿಲ್ಲದು. ಅವರು ತಮ್ಮ ಪಾಲನ್ನು ಬಿಟ್ಟುಕೊಡುವುದಾದರೆ ಅದನ್ನೂ ಅವರೇ ನೋಂದಾಯಿಸಿದ ಹಕ್ಕುಬಿಡುಗಡೆ ಪತ್ರದ ಮೂಲಕ ಮಾಡತಕ್ಕದ್ದು. ವಂಶವೃಕ್ಷಕ್ಕೆ ಸಾಕ್ಷಿ ಹಾಕುವ ಗ್ರಾಮದ ಹಿರಿಯರ ಮೇಲೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯುಂಟು.

ಪಾಲು, ಪೋಡಿ ಮತ್ತು ಬಾಂದುಕಲ್ಲು

ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿ, ನಡುವೆ ಬದುವನ್ನೂ ಹಾಕಿಕೊಂಡು, ಬೇರೆ ಬೇರೆಯಾಗಿ ಬೇಸಾಯ ಮಾಡುತ್ತಿರುವರು. ಪಹಣಿಯಲ್ಲಿ ಮಾತ್ರ ಎಲ್ಲರ ಹೆಸರೂ ಒಂದೇ ನಂಬರಿನಲ್ಲಿ ಜಂಟಿಯಾಗಿರುವುದು. ಇದನ್ನೇ ಬಹುಮಾಲೀಕತ್ವದ ಪಹಣಿಯೆನ್ನುವರು. ಒಬ್ಬನು ಸಾಲ ಮಾಡಿದರೆ ಅದರ ಋಣವು 11ನೇ ಕಲಮಿನಲ್ಲಿ ಏರಿ ಎಲ್ಲರ ಕಣ್ಣಿಗೂ ಬೀಳುವುದು. ಒಬ್ಬನು ಮಾರಬೇಕೆಂದರೆ ಮಿಕ್ಕವರ ಎಲ್ಲೆ ಎಲ್ಲಿಯೆಂಬ ಪ್ರಶ್ನೆ ಏಳುವುದು.

ಇದಕ್ಕೆ ಪರಿಹಾರ ಪೋಡಿ. ಪಾಲಿನ ಪತ್ರವನ್ನು ನೋಂದಾಯಿಸುವುದು, ಮೋಜಣಿಗೆ ಅರ್ಜಿ ಕೊಡುವುದು, ಭೂಮಾಪಕರು ಅಳೆದು ನಕ್ಷೆ ಮಾಡುವುದು, ಪ್ರತಿ ಪಾಲಿಗೂ ಹಿಸ್ಸಾ ನಂಬರು ಬೀಳುವುದು, ಇದು ಕ್ರಮ. ಒಂದು ಸರ್ವೆ ನಂಬರಿನಲ್ಲಿ ಒಂದು ಭಾಗವನ್ನು ಮಾತ್ರ ಮಾರುವಾಗ 11-ಇ ನಕ್ಷೆಯನ್ನು ಮುಂಚಿತವಾಗಿಯೇ ಮಾಡಿಸಬೇಕೆಂಬ ನಿಯಮವು ಇದೇ ತೊಡಕನ್ನು ತಪ್ಪಿಸುವುದಕ್ಕಾಗಿ ಬಂದದ್ದು.

ಪಾಲಿನ ಲೆಕ್ಕದಲ್ಲಿ ಖರಾಬನ್ನು ಮರೆಯಬಾರದು. ದೃಷ್ಟಾಂತಕ್ಕಾಗಿ, ಒಂದು ನಂಬರಿನ ಒಟ್ಟು ವಿಸ್ತೀರ್ಣ 4 ಎಕರೆ 20 ಗುಂಟೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಬಂಡೆ ಮತ್ತು ಕಣಕ್ಕೆ ಸೇರಿದ ಅ ಖರಾಬು 12 ಗುಂಟೆ. ಹಳ್ಳ ಮತ್ತು ಬಂಡಿದಾರಿಗೆ ಸೇರಿದ ಬ ಖರಾಬು 5 ಗುಂಟೆ. ಸಾಗುವಳಿಗೆ ಉಳಿಯುವುದು 4 ಎಕರೆ 3 ಗುಂಟೆ ಮಾತ್ರ. ಈ ಅಂಕಿಗಳು ಪಹಣಿಯ 3ನೇ ಕಲಮಿನಲ್ಲಿಯೇ ಇರುತ್ತವೆ. ಅ ಖರಾಬು ಖಾತೆದಾರನ ಜಮೀನಿನಲ್ಲಿ ಬೇಸಾಯಕ್ಕೆ ಬಾರದ ಭಾಗ. ಬ ಖರಾಬು ಸಾರ್ವಜನಿಕರ ಉಪಯೋಗಕ್ಕೆ ಮೀಸಲಾದುದು, ಅದನ್ನು ಉತ್ತು ಸೇರಿಸಿಕೊಳ್ಳುವುದಕ್ಕೂ ಮಾರುವುದಕ್ಕೂ ಯಾರಿಗೂ ಹಕ್ಕಿಲ್ಲ. ಒಟ್ಟು ವಿಸ್ತೀರ್ಣವನ್ನೇ ಪಾಲುಮಾಡಿ ಬರೆದುಕೊಂಡವರು ಅಳತೆಯ ದಿನ ಪರಸ್ಪರ ಸಂಶಯಪಡುವರು.

ಜಾವಗಲ್ ಸೀಮೆಯಲ್ಲಿ ಬಾಂದುಕಲ್ಲಿಗೆ ಇನ್ನೊಂದು ಮಹತ್ವವುಂಟು. ಇದು ತೆಂಗಿನ ಸೀಮೆ. ರಾಗಿಯ ಹೊಲದಲ್ಲಿ ಎಲ್ಲೆ ತಪ್ಪಿದರೆ ಮುಂದಿನ ಮುಂಗಾರಿನಲ್ಲಿ ನೇಗಿಲನ್ನು ಸರಿಸಿ ಹೊಡೆಯಬಹುದು. ತೆಂಗಿನ ಸಸಿಯನ್ನು ನೆಟ್ಟರೆ ಅದು ಅರವತ್ತು ವರ್ಷಕ್ಕೂ ಮೇಲ್ಪಟ್ಟು ನಿಲ್ಲುವ ಮರ. ಆರು ಸರಪಳಿ, ಎಂದರೆ 198 ಅಡಿ ಉದ್ದದ ಬದುವಿನಲ್ಲಿ ಮೂರು ಅಡಿ ಒತ್ತುವರಿಯಾದರೆ ಹೋಗುವ ಭೂಮಿ 594 ಚದರಡಿ. ಅರ್ಧ ಗುಂಟೆಗೆ ತುಸು ಮೇಲೆ. ಭೂಮಿ ಅಲ್ಪವೇ. ಆದರೆ ಮೂವತ್ತು ಅಡಿಗೊಂದರಂತೆ ಆ ಬದುವಿನ ಮೇಲೆ ಆರೇಳು ಮರಗಳು ಬಂದಿರುತ್ತವೆ. ಕಾಯಿ ಕೀಳುವ ದಿನವೆಲ್ಲ ಜಗಳ. ನೆಟ್ಟವರ ಮೊಮ್ಮಕ್ಕಳವರೆಗೆ ಅದು ಮುಂದುವರಿಯುವುದು. ಆದಕಾರಣ ತೋಟ ಎಬ್ಬಿಸುವವರು ಗುಂಡಿ ತೆಗೆಯುವುದಕ್ಕೆ ಮುಂಚೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು, ನೆರೆಯ ಹೊಲದವರ ಎದುರಿನಲ್ಲಿ ಎಲ್ಲೆಯನ್ನು ಗುರುತಿಸಿಕೊಂಡು, ಬದುವಿನಿಂದ ಸಾಕಷ್ಟು ಒಳಗೆ ಸಾಲು ಹಿಡಿಯತಕ್ಕದ್ದು. ಸಸಿಯ ಖರ್ಚಿನ ಮುಂದೆ ಅಳತೆಯ ಶುಲ್ಕ ದೊಡ್ಡದಲ್ಲ.

ಬೆಳೆಯ ಕಲಂ

ಪಹಣಿಯ 12ನೇ ಕಲಮಿನಲ್ಲಿ ಸಾಗುವಳಿ ಮಾಡುವವನ ಹೆಸರೂ ಬೆಳೆಯೂ ಬರುವುವು. ಕಂದಾಯ ಅಲ್ಪವಾದ ಮೇಲೆ ಈ ಕಲಮನ್ನು ಯಾರೂ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳುತ್ತಿರಲಿಲ್ಲ. ಈಗ ಸ್ಥಿತಿ ಬೇರೆಯಾಗಿದೆ. ಬೆಳೆವಿಮೆ, ಬರಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಬೆಳೆ ಸಮೀಕ್ಷೆಯೇ ಆಧಾರ. 2020ನೇ ಇಸವಿಯಿಂದ ರೈತನೇ ತನ್ನ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಬೆಳೆಯ ಚಿತ್ರವನ್ನು ತೆಗೆದು ಸಮೀಕ್ಷೆಗೆ ಸೇರಿಸುವ ಅನುಕೂಲವೂ ಆಗಿದೆ.

2024ರ ಆರಂಭದಲ್ಲಿ ಕೊಬ್ಬರಿಯ ಪೇಟೆ ಧಾರಣೆಯು ಬೆಂಬಲ ಬೆಲೆಗಿಂತ ಕೆಳಗಿತ್ತು. ಆ ಹಂಗಾಮಿಗೆ ಕೇಂದ್ರ ಸರ್ಕಾರದವರು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ್ದ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಖರೀದಿ ಕೇಂದ್ರದಲ್ಲಿ ಹೆಸರು ಬರೆಸುವುದಕ್ಕೆ ಫ್ರೂಟ್ಸ್ ಎಂಬ ರೈತರ ಪಟ್ಟಿಯ ಗುರುತಿನ ಸಂಖ್ಯೆ ಬೇಕು. ಆ ಪಟ್ಟಿಗೆ ಪಹಣಿಯ ನಂಬರು ಸೇರಿರಬೇಕು. ಪಹಣಿಯಲ್ಲಿ ರೈತನ ಹೆಸರಿರಬೇಕು. ಬೆಳೆಯ ಲೆಕ್ಕದಲ್ಲಿ ತೆಂಗು ಇರಬೇಕು. ಎಳೆಯ ತೋಟದ ಸಾಲುಗಳ ನಡುವೆ ರಾಗಿಯನ್ನೋ ಅಲಸಂದೆಯನ್ನೋ ಬಿತ್ತುವುದು ಈ ಕಡೆಯ ವಾಡಿಕೆಯಾದ್ದರಿಂದ, ಸಮೀಕ್ಷೆಯಲ್ಲಿ ರಾಗಿಯೊಂದೇ ಏರಿ ತೆಂಗು ಬಿಟ್ಟುಹೋಗುವ ಸಂಭವವುಂಟು. ಅಟ್ಟದ ಮೇಲೆ ಕೊಬ್ಬರಿ ಇದ್ದರೂ ಲೆಕ್ಕದಲ್ಲಿ ಮರವಿಲ್ಲವೆಂದಾಗುವುದು. ಪೌತಿಯಾಗದ ಖಾತೆಯವನಿಗೂ ಇದೇ ಗತಿ. ಹೀಗೆ ಲೆಕ್ಕದ ಒಂದು ತಪ್ಪು ಒಂದು ವರ್ಷದ ದುಡಿಮೆಯ ಬೆಲೆಯನ್ನು ಕಡಿಮೆಮಾಡುವುದು.

ಊರೊಳಗಿನ ಸ್ವತ್ತು

ಹೊಲದ ಲೆಕ್ಕ ಕಂದಾಯ ಇಲಾಖೆಯದಾದರೆ ಊರೊಳಗಿನ ಮನೆ, ಹಿತ್ತಿಲು, ಅಂಗಡಿಗಳ ಲೆಕ್ಕ ಗ್ರಾಮಪಂಚಾಯಿತಿಯದು. 1993ರ ಪಂಚಾಯತ್ ರಾಜ್ ಶಾಸನದ 199ನೇ ಪ್ರಕರಣದಂತೆ ಪಂಚಾಯಿತಿಯು ಕಟ್ಟಡಗಳಿಗೂ ವ್ಯವಸಾಯದ ಕಂದಾಯಕ್ಕೆ ಒಳಪಡದ ಭೂಮಿಗೂ ತೆರಿಗೆ ವಿಧಿಸುವುದು. ಹಿಂದೆ ಇದರ ಪುಸ್ತಕದಲ್ಲಿ ಉದ್ದ ಅಗಲಗಳನ್ನು ಅಂದಾಜಿನ ಮೇಲೆ ಬರೆದದ್ದೇ ಹೆಚ್ಚು. ಇ-ಸ್ವತ್ತು ಬಂದ ಮೇಲೆ ನಮೂನೆ 9 ಮತ್ತು 11 ಯಂತ್ರದ ಮೂಲಕ ಬರುವುವು. ಅವಿಲ್ಲದೆ ಮಾರಾಟದ ನೋಂದಣಿಯಾಗದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆಯವರು ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳ ನಕ್ಷೆ ತೆಗೆಯುವರು. ಮೊದಲ ಪ್ರಯೋಗಕ್ಕೆ ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನಿಗೆ ಮನೆಯ ಸೂರು ಕಾಣುವುದು. ಮನೆಯ ಯಜಮಾನನು ಯಾರೆಂಬುದು ಕಾಣದು. ಆದ್ದರಿಂದ ಆ ಅಳತೆಗೆ ಮುಂಚೆ ಸುಣ್ಣದ ಗೆರೆ ಎಳೆದು ಎಲ್ಲೆಯನ್ನು ತೋರಿಸುವ ಕೆಲಸವು ನೆರೆಹೊರೆಯವರು ಕೂಡಿ ಮಾಡತಕ್ಕದ್ದು.

ಮನೆಯ ಅಳತೆಯನ್ನು ಕಡಿಮೆ ಬರೆಸಿದರೆ ತೆರಿಗೆ ಉಳಿಯುವುದೆಂದು ಭಾವಿಸುವವರು ಇದ್ದಾರೆ. ಉಳಿಯುವುದು ವರ್ಷಕ್ಕೆ ಸ್ವಲ್ಪ ಹಣ. ಮಗಳ ಮದುವೆಗೆ ಮನೆಯ ಮೇಲೆ ಸಾಲ ಕೇಳುವ ದಿನ, ಇಲ್ಲವೆ ಗೋಡೆಯ ತಕರಾರು ಬಂದ ದಿನ, ಕಡಿಮೆ ಬರೆಸಿದ ಅದೇ ಅಳತೆಯೇ ಎದುರು ನಿಲ್ಲುವುದು. ಪಂಚಾಯಿತಿಯ ಬೀದಿದೀಪ, ಚರಂಡಿ, ಕುಡಿಯುವ ನೀರು ಇವುಗಳ ಖರ್ಚಿಗೆ ಈ ತೆರಿಗೆಯೂ ಒಂದು ಆಧಾರವಾದ್ದರಿಂದ ಎಲ್ಲರ ಮನೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯ. ಹತ್ತಿರದವರ ಮನೆಗೊಂದು ಅಳತೆ, ದೂರದವರ ಮನೆಗೊಂದು ಅಳತೆಯಾದರೆ ತೆರಿಗೆ ಕೊಡುವ ಮನಸ್ಸು ಇಡೀ ಊರಿನಲ್ಲಿ ಕುಗ್ಗುವುದು.

ಪಹಣಿಯ ಬೆಲೆಯೂ ಅದರ ಮಿತಿಯೂ

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅದು ಅಂತಿಮ ಹಕ್ಕುಪತ್ರವೆಂದು ತಿಳಿಯಬಾರದು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಿಂದ ನಡೆದು ಬಂದಿರುವ ಟಾರೆನ್ಸ್ ಪದ್ಧತಿಯಲ್ಲಿ ಸರ್ಕಾರದ ಪುಸ್ತಕದಲ್ಲಿ ಹೆಸರು ಏರುವುದೇ ಹಕ್ಕು. ನಮ್ಮ ಶಾಸನದ 133ನೇ ಪ್ರಕರಣದಲ್ಲಿ ದಾಖಲೆಯ ನಮೂದನ್ನು ವಿರುದ್ಧವಾಗಿ ರುಜುವಾತಾಗುವವರೆಗೆ ನಿಜವೆಂದು ಭಾವಿಸುವರು ಅಷ್ಟೆ. ಪಂಚಾಯಿತಿಯ ತೆರಿಗೆ ರಶೀದಿಯೂ ತಾನೇ ಹಕ್ಕನ್ನು ಹುಟ್ಟಿಸದು. ಆದ್ದರಿಂದ ಕ್ರಯಪತ್ರ, ವಿಭಾಗಪತ್ರ, ಮಂಜೂರಾತಿ ಪತ್ರಗಳ ಮೂಲಪ್ರತಿಗಳನ್ನು ಜೋಪಾನವಾಗಿ ಇಡುವುದು ಅಗತ್ಯ. ಆದರೂ ವಿರುದ್ಧವಾದುದನ್ನು ರುಜುವಾತು ಮಾಡಬೇಕಾದ ಭಾರವು ಎದುರಾಳಿಯ ಮೇಲೆ ಬೀಳುವುದರಿಂದ, ಸರಿಯಾದ ನಮೂದು ರೈತನಿಗೆ ದೊಡ್ಡ ಬಲವೆಂಬುದರಲ್ಲಿ ಸಂದೇಹವಿಲ್ಲ.

ಗ್ರಾಮಮುಖ್ಯರೂ ಭೂಮಾಲೀಕರೂ ಗಮನದಲ್ಲಿ ಇಡತಕ್ಕ ಸಂಗತಿಗಳು

1. ವರ್ಷಕ್ಕೊಮ್ಮೆ, ಮುಂಗಾರು ಬಿತ್ತನೆಗೆ ಮುಂಚೆ, ಪ್ರತಿ ನಂಬರಿನ ಪಹಣಿಯನ್ನು ತೆಗೆಸಿ 3, 9, 10, 11 ಮತ್ತು 12ನೇ ಕಲಮುಗಳನ್ನು ಓದಬೇಕು. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಬೇಕು.

2. ಪಹಣಿಯ ಹೆಸರೂ ಗುರುತಿನ ಚೀಟಿಯ ಹೆಸರೂ ಅಕ್ಷರಶಃ ಒಂದೇ ಆಗಿವೆಯೇ ಎಂದು ನೋಡಬೇಕು. ತಂದೆಯ ಹೆಸರಿನ ತಪ್ಪೂ ತಪ್ಪೇ.

3. ಮನೆಯಲ್ಲಿ ಸಾವಾದರೆ ಮರಣಪತ್ರವನ್ನು ಕೂಡಲೇ ಪಡೆದು, ಮೂರು ತಿಂಗಳೊಳಗೆ ಪೌತಿ ಖಾತೆಗೆ ಅರ್ಜಿ ಕೊಡಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡಬಾರದು.

4. ಸಾಲ ತೀರಿದ ಮೇಲೆ ಋಣಮುಕ್ತ ಪತ್ರವನ್ನು ಪಡೆದು 11ನೇ ಕಲಮಿನ ಋಣವನ್ನು ತೆಗೆಸಬೇಕು.

5. ಪಾಲಾದ ಜಮೀನಿಗೆ ಪೋಡಿ ಮಾಡಿಸಬೇಕು. ತೆಂಗನ್ನೋ ಅಡಿಕೆಯನ್ನೋ ನೆಡುವ ಮುಂಚೆ ಎಲ್ಲೆಯನ್ನು ಅಳೆಯಿಸಬೇಕು. ಬಾಂದುಕಲ್ಲನ್ನು ಕಿತ್ತು ಬದುವಿಗೆ ಕಟ್ಟುವುದು ಅಪರಾಧವೆಂಬುದನ್ನು ಆಳುಗಳಿಗೂ ಟ್ರ್ಯಾಕ್ಟರಿನವರಿಗೂ ಹೇಳಿರಬೇಕು.

6. ಬೆಳೆ ಸಮೀಕ್ಷೆಯ ಕಾಲದಲ್ಲಿ ಮಿಶ್ರಬೆಳೆಗಳೆಲ್ಲವೂ ಏರಿವೆಯೇ ಎಂದು ನೋಡಿಕೊಂಡು, ತಪ್ಪಿದ್ದರೆ ಆಕ್ಷೇಪಣೆಯ ಅವಧಿಯೊಳಗೆ ತಿಳಿಸಬೇಕು.

7. ಗ್ರಾಮಪಂಚಾಯಿತಿಯ ಜಮಾಬಂದಿಯ ದಿನ ಹಾಜರಿದ್ದು ತೆರಿಗೆಯ ಬೇಡಿಕೆ, ವಸೂಲಿ, ಬಾಕಿಗಳನ್ನು ಕೇಳಿ ತಿಳಿದುಕೊಳ್ಳಬೇಕು.

8. ಪ್ರತಿ ಅರ್ಜಿಗೂ ಸ್ವೀಕೃತಿ ಚೀಟಿಯನ್ನು ಪಡೆದು ಇಟ್ಟುಕೊಳ್ಳಬೇಕು. ಮಧ್ಯಸ್ಥರ ಕೈಗೆ ಮೂಲಪತ್ರಗಳನ್ನು ಕೊಡಬಾರದು.

ಪಟೇಲಿಕೆಯು ಶಾಸನದಿಂದ ನಿಂತು ಅರವತ್ತು ವರ್ಷಗಳ ಮೇಲಾದರೂ, ಊರಿನ ಹಿರಿಯರ ಮಾತಿಗೆ ಇರುವ ಬೆಲೆ ಹೋಗಿಲ್ಲ. ಯಾರ ಮನೆಯಲ್ಲಿ ಖಾತೆ ಸತ್ತವರ ಹೆಸರಿನಲ್ಲಿದೆ, ಯಾವ ಬದುವಿನ ಕಲ್ಲು ಕಾಣೆಯಾಗಿದೆ, ಯಾವ ವಿಧವೆಯ ಹೆಸರು ಬಿಟ್ಟುಹೋಗಿದೆ ಎಂಬುದು ಅರಸೀಕೆರೆಯ ಕಚೇರಿಗೆ ತಿಳಿಯುವ ಮುಂಚೆ ಅವರಿಗೆ ತಿಳಿದಿರುತ್ತದೆ. ಒಂದೊಂದು ಗ್ರಾಮದಲ್ಲಿಯೂ ನಾಲ್ಕೈದು ಮಂದಿ ಸೇರಿ ಇಂಥ ಖಾತೆಗಳ ಒಂದು ಪಟ್ಟಿಯನ್ನು ಮಾಡಿ ಗ್ರಾಮ ಆಡಳಿತ ಅಧಿಕಾರಿಗಳ ಮುಂದಿಟ್ಟರೆ, ಒಂದು ವರ್ಷದೊಳಗೆ ಆ ಗ್ರಾಮದ ಲೆಕ್ಕದಲ್ಲಿ ಬಹುಭಾಗ ಸರಿಹೋಗುವುದು. ಸರಪಳಿಯ ಕಾಲದಂತೆ ಈಗಲೂ ಲೆಕ್ಕವು ಹೊಲದಲ್ಲಿಯೇ ಹುಟ್ಟತಕ್ಕದ್ದು. ಜಾವಗಲ್ ಹೋಬಳಿಯ ರೈತರು ಮುಂದಿನ ಮುಂಗಾರಿನೊಳಗೆ ಈ ಕೆಲಸವನ್ನು ಕೈಕೊಂಡರೆ ಅದರ ಫಲವನ್ನು ತೆಂಗಿನ ಫಲದಂತೆ ಮೊಮ್ಮಕ್ಕಳೂ ಉಣ್ಣುವರು.